ನಿಕೋಟಿನ್ ಗಮ್ ಅಗಿದರೂ ಸಿಗರೇಟಿನ ಎಳೆತ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದೆ? ಊಟ ಹೇಗಿರಬೇಕು?

ಕೆರೆಏರಿ (ಪ್ರಶ್ನೆ)

ಅಣ್ಣನ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 41, ತೂಕ 68 ಕೆ.ಜಿ. ದಿನಕ್ಕೆ 14–15 ಸಿಗರೇಟು, 18 ವರ್ಷದ ಅಭ್ಯಾಸ. ಬೆಳಿಗ್ಗೆ ಎದ್ದು ಕಾಫಿ ಲೋಟ ಕೈಗೆ ಬಂದ ಕೂಡಲೇ ಮೊದಲನೆಯದು ಹಚ್ಚಲೇಬೇಕಿತ್ತು. ಈಗ ಪೂರ್ತಿ ನಿಲ್ಲಿಸಿ ಎರಡನೇ ವಾರ ನಡೆಯುತ್ತಿದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ 2 ಮಿ.ಗ್ರಾಂ ನಿಕೋಟಿನ್ ಗಮ್ಮನ್ನು ದಿನಕ್ಕೆ ನಾಲ್ಕು ಅಗಿಯುತ್ತಾನೆ, ಅದೂ ಆಸೆ ತಡೆಯಲಾರದಷ್ಟು ಬಂದಾಗ ಮಾತ್ರ.

ಗಮ್ ಬಾಯಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಬಿಕ್ಕಳಿಕೆ, ಗಂಟಲುರಿ. ಎಳೆತ ಮಾತ್ರ ಹಾಗೇ ಇದೆ. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಹೊಟ್ಟೆ ಸರಿಯಾಗಿ ಹೋಗುತ್ತಿಲ್ಲ. ಕೆಮ್ಮು ಇಳಿಯುವ ಬದಲು ಏರಿದೆ. ಕೈಗೆ ಸಿಕ್ಕಿದ ಬಿಸ್ಕತ್ತು, ಮಿಕ್ಸ್ಚರ್ ಎಲ್ಲ ಖಾಲಿ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 13.2 ಬಂದಿದೆ, ‘ನಾರ್ಮಲ್’ ಅಂತ ಬರೆದಿದ್ದಾರೆ. ಶುಗರ್, ಬಿಪಿ ಸರಿ ಇದೆ. ಬೇರೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ಮೊಟ್ಟೆ ತಿನ್ನುತ್ತಾನೆ, ಮಾಂಸ ಇಲ್ಲ.

ಗಮ್ ನಿಲ್ಲಿಸಬೇಕಾ, ಹೆಚ್ಚಿಸಬೇಕಾ? ಸೇದಿ ಸೇದಿ ಸೊರಗಿದ ಮೈಗೆ ಏನು ತಿನ್ನಿಸಬೇಕು? ಇಷ್ಟು ವರ್ಷ ಸೇದಿದವರಿಗೆ ಯಾವ ಪರೀಕ್ಷೆ ಮಾಡಿಸಬೇಕು?

ಔಷಧಿಪೆಟ್ಟಿಗೆ

ಗಮ್ ನಾಟುತ್ತಿಲ್ಲ ಎನ್ನುವವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಎರಡು: ಪ್ರಮಾಣ ಸಾಲದು, ಅಗಿಯುವ ರೀತಿ ಸರಿಯಿಲ್ಲ. ನಿಮ್ಮ ಅಣ್ಣನ ವಿಷಯದಲ್ಲಿ ಎರಡೂ ಇವೆ.

ಮೊದಲು ಲೆಕ್ಕ ನೋಡಿ. ಒಂದು ಸಿಗರೇಟಿನಿಂದ ರಕ್ತಕ್ಕೆ ಸೇರುವ ನಿಕೋಟಿನ್ ಸುಮಾರು 1 ಮಿ.ಗ್ರಾಂ, ಎಳೆಯುವ ರಭಸದ ಮೇಲೆ ತುಸು ಹೆಚ್ಚೂ ಆಗಬಹುದು. 2 ಮಿ.ಗ್ರಾಂ ಗಮ್ಮನ್ನು ಸರಿಯಾಗಿ ಅಗಿದರೂ ಒಳಗೆ ಹೋಗುವುದು ಹೆಚ್ಚುಕಡಿಮೆ ಅದರ ಅರ್ಧ. ದಿನಕ್ಕೆ 14–15 ಮಿ.ಗ್ರಾಂ ರೂಢಿಯಾಗಿದ್ದ ದೇಹಕ್ಕೆ ಈಗ ಸಿಗುತ್ತಿರುವುದು ನಾಲ್ಕು. ಚಡಪಡಿಸದೆ ಇನ್ನೇನು ಮಾಡೀತು?

ಇನ್ನು ಅಗಿಯುವ ರೀತಿ. ಈ ನಿಕೋಟಿನ್ ಒಳಸೇರಬೇಕಾದದ್ದು ಕೆನ್ನೆಯ ಒಳಪೊರೆಯಿಂದ. ನುಂಗಿದ ಜೊಲ್ಲಿನಲ್ಲಿರುವುದು ಹೊಟ್ಟೆಗೆ ಹೋಗಿ, ಅಲ್ಲಿಂದ ಪಿತ್ತಜನಕಾಂಗ ಸೇರಿ, ಹೆಚ್ಚಿನ ಪಾಲು ಅಲ್ಲೇ ಒಡೆದುಹೋಗುತ್ತದೆ. ಮಿದುಳಿಗೆ ತಲುಪುವುದು ಕಡಿಮೆ. ಬಿಕ್ಕಳಿಕೆ, ಗಂಟಲುರಿ, ವಾಕರಿಕೆ ಮಾತ್ರ ಪೂರ್ತಿ ಸಿಗುತ್ತದೆ. ಬಬಲ್‌ಗಮ್ಮಿನಂತೆ ಕಚಕಚ ಅಗಿದರೆ ಆಗುವುದೇ ಇದು.

ಸರಿಯಾದ ಕ್ರಮ: ಗಮ್ಮನ್ನು ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಬೇಕು. ಮೆಣಸಿನಂಥ ಖಾರ ಅಥವಾ ಜುಮುಜುಮು ಅನಿಸಿದ ಕ್ಷಣ ಅಗಿಯುವುದನ್ನು ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ಒಂದು ನಿಮಿಷದಲ್ಲಿ ಆ ಖಾರ ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಅಗಿಯುವುದು, ಈ ಬಾರಿ ಇನ್ನೊಂದು ಕೆನ್ನೆಯಲ್ಲಿ ಇಡುವುದು. ಹೀಗೆ ಅರ್ಧ ಗಂಟೆ. ಜೊಲ್ಲು ಆದಷ್ಟು ನುಂಗಬಾರದು. ಅರ್ಧ ಗಂಟೆಯಾದ ಮೇಲೆ ಖಾರ ಬರದಿದ್ದರೆ ಅದರ ಕೆಲಸ ಮುಗಿಯಿತು. ಉಗಿದು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಅಗಿದ ಗಮ್ಮಿನಲ್ಲೂ ನಿಕೋಟಿನ್ ಉಳಿದಿರುತ್ತದೆ, ಮಕ್ಕಳ ಕೈಗೆ ಸಿಗಬಾರದು.

ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಪೊರೆಯನ್ನು ದಾಟುವುದಿಲ್ಲ. ಗಮ್ಮಿನಲ್ಲಿ ಕ್ಷಾರದ ಅಂಶ ಸೇರಿಸಿರುವುದೇ ಇದಕ್ಕಾಗಿ. ಕಾಫಿ, ನಿಂಬೆ ಶರಬತ್ತು, ಕೋಲಾ, ಮಜ್ಜಿಗೆ, ಹುಣಸೆ ಸಾರು ಆ ಅನುಕೂಲವನ್ನೇ ತೊಳೆದುಹಾಕುತ್ತವೆ. ಗಮ್ ಹಾಕುವ 15 ನಿಮಿಷ ಮೊದಲಿನಿಂದ ಮುಗಿಯುವ ತನಕ ನೀರು ಬಿಟ್ಟು ಬೇರೇನೂ ಬೇಡ. ಕಾಫಿ ಕುಡಿಯುತ್ತಾ ಗಮ್ ಅಗಿಯುವವರು ಬಹಳ ಮಂದಿ ಇದ್ದಾರೆ. ಅವರು ಖರ್ಚು ಮಾಡಿದ ದುಡ್ಡು ದಂಡ.

ಸಮಯದ ವಿಷಯ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಸಿಗರೇಟಿನ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟಿದರೆ, ಗಮ್ಮಿನದು ತಲುಪಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗಾಗಿ ‘ತಡೆಯಲಾಗದಾಗ ಒಂದು’ ಎನ್ನುವುದೇ ತಪ್ಪು ಲೆಕ್ಕ. ಮೊದಲ ಆರು ವಾರ ಎಚ್ಚರವಿರುವಷ್ಟು ಹೊತ್ತು 1–2 ಗಂಟೆಗೊಂದು (ದಿನಕ್ಕೆ ಕನಿಷ್ಠ ಒಂಬತ್ತು), 7ರಿಂದ 9ನೇ ವಾರ 2–4 ಗಂಟೆಗೊಂದು, 10ರಿಂದ 12ನೇ ವಾರ 4–8 ಗಂಟೆಗೊಂದು. ದಿನಕ್ಕೆ 24ರ ಮೇಲೆ ಹೋಗಬಾರದು. ಒಂದರ ಹಿಂದೊಂದು ಅಗಿಯುವುದೂ ಬೇಡ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುತ್ತಿದ್ದವರಿಗೆ ಶಿಫಾರಸು 4 ಮಿ.ಗ್ರಾಂ ಗಮ್. ನಮ್ಮಲ್ಲಿ 2 ಮಿ.ಗ್ರಾಂವರೆಗೆ ಚೀಟಿ ಇಲ್ಲದೆ ಕೊಡುತ್ತಾರೆ, 4 ಮಿ.ಗ್ರಾಂಗೆ ವೈದ್ಯರ ಚೀಟಿ ಬೇಕು. ಅಂಗಡಿಯಲ್ಲಿ ಸುಮ್ಮನೆ ಕೇಳಿದವರಿಗೆಲ್ಲ 2 ಸಿಗುವುದು ಈ ಕಾರಣಕ್ಕೆ. ಹೇಗೂ ವೈದ್ಯರ ಹತ್ತಿರ ಹೋಗುವುದಾದರೆ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಬಗ್ಗೆಯೂ ಕೇಳಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ 21 ಮಿ.ಗ್ರಾಂ ಪ್ಯಾಚ್ ಆರು ವಾರ, ಆಮೇಲೆ 14 ಮಿ.ಗ್ರಾಂ ಎರಡು ವಾರ, 7 ಮಿ.ಗ್ರಾಂ ಎರಡು ವಾರ. ಪ್ಯಾಚ್ ದಿನವಿಡೀ ಒಂದು ಮಟ್ಟ ಕಾಯುತ್ತದೆ, ನಡುವೆ ಏಳುವ ಎಳೆತಕ್ಕೆ 2 ಮಿ.ಗ್ರಾಂ ಗಮ್. ಬರೀ ಗಮ್ ಅಥವಾ ಬರೀ ಪ್ಯಾಚ್‌ಗಿಂತ ಎರಡೂ ಸೇರಿಸಿದವರು ಹೆಚ್ಚಾಗಿ ಗೆಲ್ಲುತ್ತಾರೆ. ಪ್ಯಾಚ್ ಅಂಟಿಸುವ ಜಾಗ ದಿನಾ ಬದಲಾಗಬೇಕು, ಕೂದಲಿಲ್ಲದ ಒಣ ಚರ್ಮವಿರಬೇಕು. ರಾತ್ರಿ ವಿಚಿತ್ರ ಕನಸು ಬಿದ್ದು ಎಚ್ಚರವಾದರೆ ಮಲಗುವಾಗ ತೆಗೆದುಬಿಡಬಹುದು.

ಇತ್ತೀಚೆಗೆ ಹೃದಯಾಘಾತವಾದವರು, ಎದೆಬಡಿತದಲ್ಲಿ ಏರುಪೇರಿರುವವರು, ಗರ್ಭಿಣಿಯರು, ದವಡೆ ಕೀಲಿನ ನೋವಿನವರು ಅಥವಾ ಕಟ್ಟಿಸಿದ ಹಲ್ಲಿನವರು ಕೇಳದೆ ಗಮ್ ಶುರು ಮಾಡಬಾರದು.

‘ಗಮ್ಮಿನಲ್ಲೂ ನಿಕೋಟಿನ್ ತಾನೇ, ಏನು ಭಾಗ್ಯ’ ಎನ್ನುವವರು ಇದ್ದೇ ಇರುತ್ತಾರೆ. ಚಟ ಹಿಡಿಸುವುದು ನಿಕೋಟಿನ್ ಹೌದು. ಆದರೆ ಶ್ವಾಸಕೋಶ ಸುಡುವುದು, ಕ್ಯಾನ್ಸರ್ ತರುವುದು, ರಕ್ತನಾಳ ಕೆಡಿಸುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರು, ಕಾರ್ಬನ್ ಮಾನಾಕ್ಸೈಡು, ನೈಟ್ರೊಸಮೀನುಗಳು. ಮೂರು ತಿಂಗಳ ಗಮ್ಮಿಗೂ ಇನ್ನೊಂದು 18 ವರ್ಷದ ಹೊಗೆಗೂ ಹೋಲಿಕೆಯೇ ಇಲ್ಲ.

ಬಯಲುಸೀಮಿ

ಮ್ಯಾಲಿನವ್ರು ಹೇಳಿದ್ದು ಖರೇ ಅದ, ಆದ್ರ ಕೈ ನಡುಕ, ಎದಿ ಡವಡವ, ನಿದ್ದಿ ಇಲ್ಲ ಅನ್ನೋದು ಪೂರಾ ನಿಕೋಟಿನ್ ಕಡಿಮಿ ಆಗಿದ್ದಕ್ಕ ಅಲ್ರೀ. ಕಾಫಿ ಎಷ್ಟು ಕುಡಿತಾರ ಅಂತ ಯಾರೂ ಕೇಳಲೇ ಇಲ್ಲ!

ಸಿಗರೇಟ್ ಹೊಗಿಯೊಳಗಿನ ಟಾರಿನ ಅಂಶ ಪಿತ್ತಜನಕಾಂಗದಾಗ ಒಂದು ಕಿಣ್ವಾನ ಎಬ್ಬಿಸಿ ಕೂರಸ್ತದ, ಸಿವೈಪಿ1ಎ2 ಅಂತ ಅದರ ಹೆಸರು. ಕೆಫೀನ್ ಒಡೆಯೋದು ಇದರ ಕೆಲಸ. ಸೇದೋರ ಮೈಯಾಗ ಕೆಫೀನು ಸೇದದವರಿಗಿಂತ ಹೆಚ್ಚುಕಡಿಮಿ ಎರಡು ಪಟ್ಟು ಜಲ್ದಿ ಖಾಲಿ ಆಗ್ತದ. ಅದಕ್ಕ ಅವ್ರಿಗೆ ನಾಕೈದು ಲೋಟ ಕುಡದ್ರೂ ಏನೂ ಅನ್ಸೂದಿಲ್ಲ. ಸಿಗರೇಟ್ ಬಿಟ್ಟ ಒಂದು ವಾರದೊಳಗ ಆ ಕಿಣ್ವ ತಣ್ಣಗಾಗ್ತದ. ಲೋಟ ಅಷ್ಟೇ ಇದ್ರೂ ರಕ್ತದಾಗ ಕೆಫೀನು ದುಪ್ಪಟ್ಟು. ಆಮ್ಯಾಲೆ ನಡುಕ, ಸಿಟ್ಟು, ನಿದ್ದಿಗೇಡು ಬಂದ್ರ ‘ಸಿಗರೇಟ್ ಬಿಟ್ಟಿದ್ದಕ್ಕ ಹಿಂಗಾತು’ ಅಂದು ಮತ್ತ ಹಚ್ಚತಾರ. ಗಮ್ ಅಗದ್ರ ಇದು ತಪ್ಪೂದಿಲ್ಲ, ಯಾಕಂದ್ರ ಕಿಣ್ವ ಎಬ್ಬಸೂದು ನಿಕೋಟಿನ್ ಅಲ್ಲ, ಹೊಗಿ.

ಮಾಡಬೇಕಾದ್ದು ಇಷ್ಟ: ಕಾಫಿ, ಚಾ ಅರ್ಧಕ್ಕಿಳಸ್ರಿ. ಒಮ್ಮಿಗೇ ಪೂರ್ತಿ ಬಿಡಬ್ಯಾಡ್ರಿ, ತಲಿ ನೋಯ್ತದ, ಒಂದ ಸಲ ಎರಡು ಚಟದ ಜೋಡಿ ಗುದ್ದಾಡೂದು ಆಗೂದಿಲ್ಲ. ಮಧ್ಯಾಹ್ನ 2 ಆದ ಮ್ಯಾಲ ಕೆಫೀನು ಬ್ಯಾಡ. ಇನ್ನೊಂದು, ಮುಂಜಾನಿ ಕಾಫಿ ಕುಡಿಯೋ ಜಾಗಾ ಬದಲ ಮಾಡ್ರಿ. ಅದೇ ಕಟ್ಟಿ, ಅದೇ ಖುರ್ಚಿ, ಅದೇ ಲೋಟ ಇದ್ರ ಕೈ ತಾನ ಕಿಸೆಕ್ಕ ಹೋಗ್ತದ.

ಇವ್ರು ಬ್ಯಾರೆ ಗುಳಿಗಿ ತಗೊಳ್ಳೂದಿಲ್ಲ ಅಂದ್ರಿ, ಛಲೋ ಆತು. ಓದೋ ಬ್ಯಾರೆಯವರಿಗೆ ಹೇಳತೀನಿ: ಮಾನಸಿಕ ಕಾಯಿಲೆಯ ಕ್ಲೋಜಪಿನ್, ಒಲಾಂಜಪಿನ್, ದಮ್ಮಿನ ಥಿಯೋಫಿಲಿನ್ ಇವನ್ನ ತಗೊಳ್ಳೋರು ಸಿಗರೇಟ್ ಬಿಡೂ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಇವೂ ಅದೇ ಕಿಣ್ವದಿಂದ ಒಡೀತಾವ. ಹಳೇ ಡೋಸೇ ಇಟ್ರ ಔಷಧ ರಕ್ತದಾಗ ಏರಿ ತ್ರಾಸ ಆಗ್ತದ. ಇನ್ಸುಲಿನ್ ತಗೊಳ್ಳೋರು ಸುದ್ದಾ ಶುಗರ್ ಪದೇಪದೇ ನೋಡಕೋಬೇಕು.

ಕೆರೆಏರಿ

ಕಾಫಿ ದಿನಕ್ಕೆ ಐದು ಲೋಟ, ಫಿಲ್ಟರ್ ಕಾಫಿ, ಗಟ್ಟಿ ಡಿಕಾಕ್ಷನ್. ಈಗ ಅರ್ಥವಾಯಿತು. ಇವತ್ತಿನಿಂದಲೇ ಇಳಿಸುತ್ತೇವೆ.

ಊಟದ ಬಗ್ಗೆ ಯಾರಾದರೂ ಹೇಳಿ. ಪರಿಚಯದವರೊಬ್ಬರು ‘ಸೇದುವವರಿಗೆ ಆಂಟಿ ಆಕ್ಸಿಡೆಂಟ್ ಕಡಿಮೆ ಇರುತ್ತೆ’ ಅಂತ ಬೀಟಾ ಕ್ಯಾರೊಟಿನ್ ಇರುವ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಶುರು ಮಾಡಬಹುದಾ?

ಸೊಪ್ಪುಸಾರು

ಆ ಕ್ಯಾಪ್ಸೂಲ್ ಬೇಡ, ದಯವಿಟ್ಟು ವಾಪಸ್ ಕೊಡಿ. ಫಿನ್ಲೆಂಡಿನಲ್ಲಿ ಸೇದುವ ಗಂಡಸರಿಗೆ ದಿನಾ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟು ಕ್ಯಾನ್ಸರ್ ತಡೆಯುತ್ತದೆಯೇ ಎಂದು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಗೊತ್ತಾದದ್ದು ಉಲ್ಟಾ: ಕೊಟ್ಟವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನವನ್ನು ಇದೇ ಕಾರಣಕ್ಕೆ ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು. ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪು ಎಷ್ಟು ಬೇಕಾದರೂ ತಿನ್ನಲಿ, ಅದರಿಂದ ಭಯವಿಲ್ಲ. ತೊಂದರೆ ಇರುವುದು ಗಟ್ಟಿ ಪ್ರಮಾಣದ ಮಾತ್ರೆಯಲ್ಲಿ. ಕಣ್ಣಿಗೆಂದು ಮಾರುವ ಕೆಲವು ಮಾತ್ರೆಗಳಲ್ಲೂ ಇದು ಇರುತ್ತದೆ, ಡಬ್ಬಿಯ ಹಿಂದಿನ ಪಟ್ಟಿ ಓದಿ.

ಸೇದುವವರಲ್ಲಿ ನಿಜವಾಗಿ ಕಡಿಮೆಯಾಗುವುದು ವಿಟಮಿನ್ ಸಿ. ಹೊಗೆ ಅದನ್ನು ಬೇಗ ಖರ್ಚು ಮಾಡಿಸುತ್ತದೆ, ಅದಕ್ಕೇ ಸೇದುವವರಿಗೆ ದಿನಕ್ಕೆ 35 ಮಿ.ಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಶಿಫಾರಸು. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿಯಲ್ಲಿ ಗಂಡಸರಿಗೆ 80 ಮಿ.ಗ್ರಾಂ. ಎರಡನ್ನೂ ಕೂಡಿಸಿದರೂ 115. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ ಮೀರಿ ಇದೆ. ಬೆಟ್ಟದ ನೆಲ್ಲಿಕಾಯಿ ಇನ್ನೂ ಮುಂದೆ, ಎರಡು ಕಾಯಿ ಸಾಕಾಗಿ ಮಿಗುತ್ತದೆ. ಮಾತ್ರೆಗೆ ದುಡ್ಡು ಯಾಕೆ? ಬೇಯಿಸಿದರೆ ಸಾಕಷ್ಟು ಹೋಗುತ್ತದೆ, ಆದ್ದರಿಂದ ನಿಂಬೆರಸ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ.

ತೂಕದ ಮಾತು. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ 4–5 ಕೆ.ಜಿ. ಏರುತ್ತದೆ, ಅದರಲ್ಲಿ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ. ನಿಕೋಟಿನ್ ಹಸಿವನ್ನು ಅದುಮುತ್ತದೆ, ಮೈ ಕೂತಲ್ಲೇ ಸುಡುವ ಶಕ್ತಿಯನ್ನು ತುಸು ಹೆಚ್ಚಿಸುತ್ತದೆ. ಎರಡೂ ಒಟ್ಟಿಗೆ ನಿಂತಾಗ ಹೀಗಾಗುತ್ತದೆ. ಎರಡು ಕಪ್ ಸಕ್ಕರೆ ಹಾಕಿದ ಚಹಾ ಮತ್ತು ನಾಲ್ಕು ಬಿಸ್ಕತ್ತು ಹೆಚ್ಚಿಗೆ ಹೋದರೆ ದಿನಕ್ಕೆ ಸುಮಾರು 250 ಕ್ಯಾಲೊರಿ, ತಿಂಗಳಿಗೆ ಒಂದು ಕೆ.ಜಿ. ಹಾಗಂತ ಈ ಮೂರು ತಿಂಗಳಲ್ಲಿ ಕಟ್ಟುನಿಟ್ಟಿನ ಡಯೆಟ್ ಬೇಡವೇ ಬೇಡ. ಹಸಿದ ಹೊಟ್ಟೆಯ ಸಂಕಟವನ್ನು ತಲೆ ಸಿಗರೇಟಿನ ಆಸೆ ಎಂದೇ ಓದಿಕೊಳ್ಳುತ್ತದೆ. 5 ಕೆ.ಜಿ. ಏರಿದರೂ ಬಿಟ್ಟದ್ದೇ ಹೃದಯಕ್ಕೆ ಲಾಭ.

ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಸಲ ಬಾಯಾಡಿಸಲು ಏನಾದರೂ. 68 ಕೆ.ಜಿ.ಗೆ ಪ್ರೋಟೀನು, ಕೆ.ಜಿ.ಗೆ 0.83 ಗ್ರಾಂ ಲೆಕ್ಕದಲ್ಲಿ ಸುಮಾರು 56 ಗ್ರಾಂ. ಬೆಳಿಗ್ಗೆ ಬರೀ ಇಡ್ಲಿ-ಚಟ್ನಿ ಅಥವಾ ಚಿತ್ರಾನ್ನ ತಿಂದರೆ ಹನ್ನೊಂದು ಗಂಟೆಗೆ ಮತ್ತೆ ಹಸಿವು. ಜೊತೆಗೆ ಎರಡು ಮೊಟ್ಟೆ (12 ಗ್ರಾಂ) ಅಥವಾ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ ಇರಲಿ. ಮಧ್ಯಾಹ್ನಕ್ಕೆ ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಸೊಪ್ಪಿನ ಪಲ್ಯ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಕ್ಯಾಲ್ಸಿಯಂ 350 ಮಿ.ಗ್ರಾಂ ಆಸುಪಾಸು. ಹೊಗೆ ಮೂಳೆಯನ್ನೂ ಸವೆಸುತ್ತದೆ, ಹಾಗಾಗಿ ಈ ಕ್ಯಾಲ್ಸಿಯಂ ಬರೀ ಅಲಂಕಾರಕ್ಕಲ್ಲ. ಹೊಟ್ಟೆ ಹೋಗದಿರುವುದಕ್ಕೂ ಮದ್ದು ಇಲ್ಲೇ ಇದೆ: ನಿಕೋಟಿನ್ ಕರುಳನ್ನು ತಳ್ಳುತ್ತಿತ್ತು, ಈಗ ಆ ಕೆಲಸವನ್ನು ನಾರು, ನೀರು, ನಡಿಗೆ ಮಾಡಬೇಕು. ದಿನಕ್ಕೆ 30 ಗ್ರಾಂ ನಾರಿನ ಗುರಿ, ಆದರೆ ಒಂದೇ ದಿನದಲ್ಲಿ ಏರಿಸಿದರೆ ಹೊಟ್ಟೆ ಉಬ್ಬುತ್ತದೆ, ವಾರದಲ್ಲಿ ನಿಧಾನವಾಗಿ.

ಬಾಯಿಗೆ ಬಿಸ್ಕತ್ತಿನ ಬದಲು 30 ಗ್ರಾಂ ಹುರಿಗಡಲೆ (ಒಂದು ಹಿಡಿ), ಉದ್ದುದ್ದ ಹೆಚ್ಚಿದ ಸೌತೆ ಅಥವಾ ಕ್ಯಾರೆಟ್, ಎರಡು ಲವಂಗ, ಸೋಂಪು. ಕೈಗೂ ಬಾಯಿಗೂ ಕೆಲಸ ಬೇಕು, ಅದನ್ನು ಕಡೆಗಣಿಸಬೇಡಿ. ಅಡಿಕೆ ಮಾತ್ರ ಬೇಡ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಸಿಗರೇಟು ಬಿಟ್ಟು ಎಲೆಅಡಿಕೆಗೆ, ಅಲ್ಲಿಂದ ಕಡ್ಡಿಪುಡಿಗೆ ಹೋಗುವುದು ನಮ್ಮ ಕಡೆಯ ಮಾಮೂಲು ದಾರಿ.

ಉಸಿರುಗೂಡು

ಹಿಮೋಗ್ಲೋಬಿನ್ 13.2 ಅನ್ನು ಯಾರೂ ಮುಟ್ಟಲಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಹಾಗೆ ಅಂಟಿದ ಭಾಗ ಆಮ್ಲಜನಕ ಹೊರಲಾರದು. ಕೊರತೆ ತುಂಬಲು ದೇಹ ಹೆಚ್ಚು ಕೆಂಪುಕಣ ಮಾಡುತ್ತದೆ, ಸಂಖ್ಯೆ ಸುಳ್ಳಾಗಿ ಮೇಲಿರುತ್ತದೆ. ಅದಕ್ಕೇ ಸೇದುವವರ ವರದಿಯಿಂದ, ಎಷ್ಟು ಸೇದುತ್ತಾರೆ ಎಂಬುದನ್ನು ನೋಡಿ, ಕನಿಷ್ಠ 0.3ರಷ್ಟು ಕಳೆದು ಓದುವ ಕ್ರಮವಿದೆ. ಗಂಡಸರಿಗೆ ರಕ್ತಹೀನತೆಯ ಗೆರೆ 13. ಪರೀಕ್ಷೆ ಮಾಡಿಸಿದ್ದು ಸೇದುತ್ತಿದ್ದಾಗಲೋ, ಈಚೆಗೆ ಬಿಟ್ಟ ಮೇಲೋ, ಎರಡೂ ಸಂದರ್ಭದಲ್ಲಿ ಇವರದು ಗೆರೆಯ ಕೆಳಗೇ ಇರುವ ಸಾಧ್ಯತೆ ಇದೆ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಫೆರಿಟಿನ್ ಕಡಿಮೆ ಬಂದರೆ ನೀವೇ ಕಬ್ಬಿಣದ ಮಾತ್ರೆ ಶುರುಮಾಡಿ ಸುಮ್ಮನಾಗಬೇಡಿ. ಮುಟ್ಟಿನ ರಕ್ತಸ್ರಾವವಿಲ್ಲದ ಗಂಡಸಿಗೆ ಕಬ್ಬಿಣ ಯಾಕೆ ಇಳಿಯಿತು ಎಂದು ಹುಡುಕಲೇಬೇಕು. ಜಠರದ ಹುಣ್ಣು, ಮೂಲವ್ಯಾಧಿ, ಕರುಳಿನಿಂದ ಸೋರುವ ರಕ್ತ ಇವೆಲ್ಲ ಆಗಬಹುದು, ಹುಣ್ಣಂತೂ ಸೇದುವವರಲ್ಲಿ ಹೆಚ್ಚು.

ಮನೆಯ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ನಂಬಿಕೊಳ್ಳುವವರಿಗೂ ಒಂದು ಮಾತು. ಬೆರಳಿಗೆ ಹಾಕುವ ಆ ಸಾಮಾನ್ಯ ಯಂತ್ರಕ್ಕೆ ಆಮ್ಲಜನಕ ಹೊತ್ತದ್ದೂ ಕಾರ್ಬನ್ ಮಾನಾಕ್ಸೈಡು ಹೊತ್ತದ್ದೂ ಒಂದೇ ಥರ ಕಾಣುತ್ತದೆ. ಸೇದಿದ ತಕ್ಷಣ ನೋಡಿದ ಅಂಕಿಗೆ ಬೆಲೆಯಿಲ್ಲ. ಒಳ್ಳೆಯ ಸುದ್ದಿ ಎಂದರೆ ಬಿಟ್ಟ ಒಂದೆರಡು ದಿನದಲ್ಲೇ ಆ ಅನಿಲ ರಕ್ತದಿಂದ ಹೊರಟುಹೋಗಿರುತ್ತದೆ.

ಊಟದ ಜೊತೆ ಕಾಫಿ-ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ದೇಹಕ್ಕೆ ಹತ್ತುವುದು ಬಹಳ ಇಳಿಯುತ್ತದೆ. ಒಂದು ಗಂಟೆ ಅಂತರವಿರಲಿ. ಮೇಲೆ ಹೇಳಿದ ಸೀಬೆ, ನಿಂಬೆ ಊಟದ ಜೊತೆಗೇ ಇದ್ದರೆ ಕಬ್ಬಿಣಕ್ಕೂ ಸಹಾಯ. (ಗಮ್ಮಿನ ಹೊತ್ತಿಗೆ ನಿಂಬೆ ಬೇಡ, ಊಟದ ಹೊತ್ತಿಗೆ ಬೇಕು. ಗೊಂದಲ ಮಾಡಿಕೊಳ್ಳಬೇಡಿ.)

ಕೆಮ್ಮು: ಶ್ವಾಸನಾಳದ ಒಳಗೆ ಕಫವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಕುಂಠಿತಗೊಳಿಸಿರುತ್ತದೆ. ಬಿಟ್ಟ ಮೇಲೆ ಅವು ಚೇತರಿಸಿಕೊಂಡು ಹಳೆಯ ಕಫವನ್ನೆಲ್ಲ ಹೊರಗೆ ಹಾಕತೊಡಗಿದಾಗ ಕೆಮ್ಮು ಏರಿದಂತೆ ಕಾಣುತ್ತದೆ. ಕೆಲವು ವಾರಗಳಲ್ಲಿ ಇಳಿಯಬೇಕು. ಆದರೆ ‘ಬಿಟ್ಟದ್ದಕ್ಕೆ ಬಂದ ಕೆಮ್ಮು’ ಎಂಬ ಸಮಾಧಾನದ ಮರೆಯಲ್ಲಿ ಬೇರೆಯದು ಅಡಗಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸುವುದು ನಮ್ಮ ದೇಶದ ಕ್ಷಯ ಕಾರ್ಯಕ್ರಮದ ನಿಯಮ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಸೇದುವವರಿಗೆ ಕ್ಷಯದ ಅಪಾಯ ಸುಮಾರು ಎರಡು ಪಟ್ಟು. ಕಫದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ಮೂರು ವಾರಕ್ಕೂ ಮೀರಿದ ದನಿ ಗೊಗ್ಗರು ಇದ್ದರೆ ಕಾಯಬೇಡಿ.

ಪರೀಕ್ಷೆಗಳಲ್ಲಿ ಬೆಲೆಬಾಳುವುದು ಸ್ಪೈರೊಮೆಟ್ರಿ, ಅಂದರೆ ಯಂತ್ರಕ್ಕೆ ಊದಿ ಉಸಿರಿನ ಬಲ ಅಳೆಯುವುದು. ಉಸಿರುನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ್ದರ ಶೇ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ (ಉಸಿರುನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಎನ್ನುತ್ತಾರೆ. ಎಕ್ಸ್‌ರೇ ‘ಕ್ಲಿಯರ್’ ಇದ್ದರೂ ಇದು ಇರಬಹುದು. ಬರೀ ಎಕ್ಸ್‌ರೇ ನೋಡಿ ನಿರಾಳವಾಗುವುದು ನಾನು ಒಪ್ಪದ ಸಂಗತಿ. ಸಿಟಿ ಸ್ಕ್ಯಾನ್ ಈಗ ಬೇಡ. ಅಮೆರಿಕದಲ್ಲಿ ಕಡಿಮೆ ವಿಕಿರಣದ ಸಿಟಿ ತಪಾಸಣೆ ಹೇಳುವುದು 50 ವರ್ಷ ದಾಟಿದವರಿಗೆ, ಅದೂ 20 ಪ್ಯಾಕ್-ವರ್ಷ ಇದ್ದರೆ. ದಿನದ ಸಿಗರೇಟನ್ನು 20ರಿಂದ ಭಾಗಿಸಿ ವರ್ಷಗಳಿಂದ ಗುಣಿಸಿ: 15 ಭಾಗಿಸು 20, ಗುಣಿಸು 18, ಅಂದರೆ 13.5. ವಯಸ್ಸೂ ಆಗಿಲ್ಲ, ಲೆಕ್ಕವೂ ಮುಟ್ಟಿಲ್ಲ.

ಬಾಯಿಯನ್ನು ಕನ್ನಡಿ ಮುಂದೆ ತಿಂಗಳಿಗೊಮ್ಮೆ ನೋಡಿಕೊಳ್ಳಲಿ: ಎರಡು ಕೆನ್ನೆಯ ಒಳಗೆ, ನಾಲಿಗೆಯ ಅಡಿ ಮತ್ತು ಅಂಚು. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಗದ ಹುಣ್ಣು, ಮೂರು ಬೆರಳು ನೆಟ್ಟಗೆ ಹೋಗದಷ್ಟು ಬಾಯಿ ಬಿಗಿತ ಕಂಡರೆ ದಂತವೈದ್ಯರಲ್ಲಿ ತೋರಿಸಬೇಕು.

ಹಳೇಬಾವಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ತಂದೆ ಬೀಡಿ ಸೇದುತ್ತಾರೆ, ‘ಎಲೆ ತಾನೇ, ತಂಬಾಕೂ ಚಿಟಿಕೆಯಷ್ಟು, ಸಿಗರೇಟಿನಷ್ಟು ಕೆಟ್ಟದ್ದಲ್ಲ’ ಅನ್ನುತ್ತಾರೆ. ದಿನಕ್ಕೆ ಒಂದು ಕಟ್ಟಿನಿಂದ ಐದಕ್ಕಿಳಿಸಿದ್ದಾರೆ. ಅಷ್ಟು ಸಾಕಾಗುವುದಿಲ್ಲವೇ? ವೇಪ್ (ಇ-ಸಿಗರೇಟು) ಕೊಡಿಸಿದರೆ ಹೇಗೆ?

ಔಷಧಿಪೆಟ್ಟಿಗೆ

ತಂಬಾಕು ಕಡಿಮೆ ಇರುವುದು ನಿಜ, ಉಳಿದದ್ದು ಸರಿಯಲ್ಲ. ಬೀಡಿ ಎಲೆ ಗಾಳಿಯಾಡದಷ್ಟು ಒತ್ತು. ಪದೇಪದೇ ಎಳೆಯದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವರು ಹೆಚ್ಚು ಸಲ, ಹೆಚ್ಚು ಆಳವಾಗಿ ಎಳೆಯುತ್ತಾರೆ. ಫಿಲ್ಟರೂ ಇಲ್ಲ. ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡು ಸಿಗರೇಟಿಗೆ ಸಮ ಅಥವಾ ಮೇಲೆ.

ಐದಕ್ಕಿಳಿಸಿದ್ದು ಹೃದಯದ ಮಟ್ಟಿಗೆ ದೊಡ್ಡ ಲಾಭ ಕೊಡುವುದಿಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, 20 ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧ ಇದೆ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿತು. ರಕ್ತನಾಳದ ಒಳಪದರ ಕೆಡಲು, ರಕ್ತ ಹೆಪ್ಪುಗಟ್ಟುವ ಗುಣ ಏರಲು ಸ್ವಲ್ಪ ಹೊಗೆಯೇ ಸಾಕು. ಇಳಿಸುವುದು ನಿಲ್ಲಿಸುವ ದಿನಕ್ಕೆ ಮೆಟ್ಟಿಲಾದರೆ ಸರಿ. ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ, ಅವತ್ತು ಮನೆಯಲ್ಲಿ ಬೀಡಿ, ಬೆಂಕಿಪೊಟ್ಟಣ, ಬೂದಿ ತಟ್ಟೆ ಯಾವುದೂ ಇರಬಾರದು.

ವೇಪ್ ಬೇಡ. 2019ರ ಕಾಯ್ದೆಯಿಂದ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ ಎಲ್ಲ ನಿಷಿದ್ಧ. ಕದ್ದು ಮಾರುವುದರೊಳಗೆ ಏನಿದೆ, ಎಷ್ಟಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ಕೆರೆಏರಿ

ಅಣ್ಣ ಇದನ್ನೆಲ್ಲ ಓದಿದ. ಗಮ್ಮನ್ನು ಹೇಳಿದ ಹಾಗೆ ಇಟ್ಟುಕೊಂಡರೆ ಬಿಕ್ಕಳಿಕೆ ಇಲ್ಲವಂತೆ. ಪ್ಯಾಚ್‌ಗೆ ವೈದ್ಯರನ್ನು ನೋಡುತ್ತೇವೆ. ಅದೂ ಸಾಲದಿದ್ದರೆ ಮುಂದೇನು? ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವವರು ಯಾರಾದರೂ ಇದ್ದಾರಾ?

ಉಸಿರುಗೂಡು

ಮುಂದಿನದು ವರೆನಿಕ್ಲಿನ್ ಮಾತ್ರೆ, ಚೀಟಿ ಬೇಕೇ ಬೇಕು. ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನು ಕೂತು ಎಳೆತ ತಗ್ಗಿಸುತ್ತದೆ; ನಡುವೆ ಸೇದಿದರೂ ಹಿಂದಿನ ಸುಖ ಸಿಗುವುದಿಲ್ಲ. ಮೊದಲ ಮೂರು ದಿನ 0.5 ಮಿ.ಗ್ರಾಂ ದಿನಕ್ಕೊಂದು, 4ರಿಂದ 7ನೇ ದಿನ 0.5 ಎರಡು ಹೊತ್ತು, 8ನೇ ದಿನದಿಂದ 1 ಮಿ.ಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ವಾಕರಿಕೆ ಸಾಮಾನ್ಯ, ಊಟವಾದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಿದರೆ ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಮೊದಲೇ ಹೇಳಬೇಕು. ಬ್ಯುಪ್ರೋಪಿಯಾನ್ ಎಂಬ ಇನ್ನೊಂದು ಇದೆ, ಫಿಟ್ಸ್ ಬಂದವರಿಗೆ ಅದು ಸಲ್ಲದು.

ಫೋನು: ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ (ಬಿಡಲು ನೆರವಾಗುವ ಸಹಾಯವಾಣಿ) 1800-11-2356, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಗಳಲ್ಲೊಂದು, ಅಲ್ಲಿಂದ ಕನ್ನಡದಲ್ಲಿ ಮಾತಾಡುತ್ತಾರೆ. ಮೆಸೇಜ್ ಮೂಲಕ ನೆನಪಿಸುವ ಸೇವೆ ಬೇಕಿದ್ದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು.

ಕರೆ ಮಾಡುವ ಮೊದಲು ಅಣ್ಣ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದಿಟ್ಟುಕೊಳ್ಳಲಿ: ದಿನದ ಯಾವ ಹೊತ್ತಿನಲ್ಲಿ ಎಳೆತ ಏರುತ್ತದೆ, ಆಗ ಎಲ್ಲಿ ಯಾರ ಜೊತೆ ಇರುತ್ತಾನೆ, ಹಿಂದೆ ಬಿಟ್ಟಿದ್ದರೆ ಯಾವ ಸಂದರ್ಭದಲ್ಲಿ ಮತ್ತೆ ಹಚ್ಚಿದ. ಅವರು ಕೇಳುವ ಮೊದಲ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ.